ನಾನು ನಕಾಶೆಯಲ್ಲಿ ಕಟ್ಟಿದ ಹನ್ನೊಂದು ಊರುಗಳು

ಸಮರ್‌ಸೆಟ್

ಪರದೇಶಕ್ಕೆ ಹೋಗಿ ಬಂದವರು ಸ್ವಲ್ಪ ಜಂಬ ಕೊಚ್ಚಿಕೊಂಡರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನನಗೆ ಆ ಅನುಕೂಲವಿಲ್ಲ. ಫ್ರಾನ್ಸಿನ ಬಾಸ್ಕ್ ಸೀಮೆಯಲ್ಲಿ ನಾನು ಕಳೆದ ಆ ಒಂದು ವಾರದಲ್ಲಿ ನೋಡಿದ್ದು ಗುಡ್ಡ, ಹೊಳೆ, ಕುರಿ ಮತ್ತು ನನ್ನದೇ ಒಂದು ದೊಡ್ಡ ತಪ್ಪು. ಪ್ಯಾರಿಸ್ಸಿನಲ್ಲಿ ರೈಲು ಬದಲಿಸಿದೆನಾದರೂ ಅಲ್ಲಿಯ ಗೋಪುರದ ತುದಿ ಕೂಡ ಕಾಣಲಿಲ್ಲ.

ಧಾರವಾಡದಲ್ಲಿ ಭೂಗೋಳ ಓದಿ, ಮದುವೆಯಾಗಿ, ನ್ಯೂ ಜೆರ್ಸಿಯ ಸಮರ್‌ಸೆಟ್‌ಗೆ ಬಂದು ನೆಲೆಸಿದವಳು ನಾನು. ಗಂಡ ಶ್ರೀಧರ ಹೊಸಮನಿ ಔಷಧಿ ಕಂಪನಿಯೊಂದರಲ್ಲಿ ಕೆಮಿಸ್ಟ್. ಮುಂದೆ ಇವರನ್ನು ನಮ್ಮವರು ಎಂದೇ ಕರೆಯುತ್ತೇನೆ, ರೂಢಿ ಬಿಡಲಾಗುವುದಿಲ್ಲ. ಮೊದಲ ಎರಡು ವರ್ಷ ಮನೆಯಲ್ಲಿ ಕೂತು ಕಿಟಕಿಯಾಚೆಯ ಹಿಮ ನೋಡಿದೆ. ಆಮೇಲೆ ಹಾಲರ್ ಎಂಬ ವಯಸ್ಸಾದ ಪ್ರೊಫೆಸರರ ಬಳಿ ನಕಾಶೆ ಬರೆಯುವ ಕೆಲಸ ಸಿಕ್ಕಿತು. ಅವರು ಹನ್ನೆರಡು ವರ್ಷಗಳಿಂದ ಬಾಸ್ಕ್ ಸೀಮೆಯ ಇಬಾರ್ಲೂಸ್ ಎಂಬ ಒಂದು ಸಣ್ಣ ಗ್ರಾಮದ ಮನೆಗಳನ್ನೂ ಹೊಲಗಳನ್ನೂ ಅಭ್ಯಾಸ ಮಾಡುತ್ತಿದ್ದರು. ಪುಸ್ತಕ ಮುಗಿದಿತ್ತು. ಅದರ ಜೊತೆಗೆ ಮಡಿಚಿ ಇಡಬೇಕಾದ ದೊಡ್ಡ ಬಣ್ಣದ ನಕಾಶೆ ನನ್ನ ಪಾಲಿಗೆ ಬಂತು. ಅದರ ಕೆಳಗಿನ ಮೂಲೆಯಲ್ಲಿ "ನಕಾಶೆ: ಗಿರಿಜಾ ಹೊಸಮನಿ" ಎಂದು ಅಚ್ಚಾಗುವುದಿತ್ತು. ನನ್ನ ಹೆಸರು ಅಚ್ಚಿನಲ್ಲಿ ಬರುತ್ತಿದ್ದದ್ದು ಅದೇ ಮೊದಲು. ಮದುವೆಯ ಕರೆಯೋಲೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ವಿಮಾನದಿಂದ ತೆಗೆದ ಫೋಟೋಗಳು, ಫ್ರೆಂಚರ ಹಳೆಯ ನಕಾಶೆ ಹಾಳೆಗಳು, ಪ್ರೊಫೆಸರರು ಬರೆದುಕೊಂಡ ಹೆಸರುಗಳ ಪಟ್ಟಿ, ಇಷ್ಟನ್ನು ಮುಂದಿಟ್ಟುಕೊಂಡು ನಾಲ್ಕು ತಿಂಗಳು ಬರೆದೆ. ಬಾಸ್ಕ್ ಭಾಷೆಯ ಆ ಹೆಸರುಗಳಲ್ಲಿ ಹನ್ನೊಂದು 'ಉರ್' ಎಂದು ಶುರುವಾಗುತ್ತಿದ್ದವು. ಉರ್‌ಬೆಲ್ಸ್, ಉರ್‌ಹೊತ್ಸ್, ಉರ್‌ಗೋರಿ, ಹೀಗೆ. ಅವು ಏನೆಂದು ಪಟ್ಟಿಯಲ್ಲಿ ಇರಲಿಲ್ಲ. ಫೋಟೋದಲ್ಲಿ ಆ ಜಾಗಗಳೆಲ್ಲ ಮರಗಳ ಕೆಳಗೆ ಮುಚ್ಚಿಹೋಗಿದ್ದವು. ಆದರೆ ಪ್ರೊಫೆಸರರ ಪುಟ್ಟ ಶಬ್ದಪಟ್ಟಿಯಲ್ಲಿ 'ಉರಿ: ಪಟ್ಟಣ' ಎಂದಿತ್ತು! ಅದನ್ನು ನೋಡಿ ನನಗೆ ಮೈಯೆಲ್ಲ ಪುಳಕ. ಉರಿ, ಉರ್, ನಮ್ಮ ಊರು! ಪ್ರೊಫೆಸರರನ್ನು ಕೇಳಿದೆ. "ಇರಬಹುದು" ಎಂದರು. ಅಷ್ಟು ಸಾಕಾಯಿತು. ಹನ್ನೊಂದೂ ಕಡೆ ಮೂರು ಮೂರು ಕಪ್ಪು ಚೌಕ ಕೂಡಿಸಿ ಹಳ್ಳಿಯ ಗುರುತು ಹಾಕಿಬಿಟ್ಟೆ.

ಮೈಸೂರಿನ ಮೂರ್ತಿಯವರು ನಮ್ಮ ಪಕ್ಕದ ಅಪಾರ್ಟ್‌ಮೆಂಟಿನವರು. ಸುದ್ದಿ ಕೇಳಿ ನನಗಿಂತ ಹೆಚ್ಚು ಹಿಗ್ಗಿದರು. "ನಾನ್ ಹೇಳ್ತಾನೇ ಇದ್ದೆ ಗಿರಿಜಾ ಅವರೇ, ಯುರೋಪ್‌ಗೆ ಭಾಷೆ ಹೋಗಿದ್ದೇ ನಮ್ ಕಡೆಯಿಂದ. ಡೆಫಿನೆಟ್ಲಿ ಒಂದ್ ಪೇಪರ್ ಬರೀರಿ ನೀವು" ಎಂದರು. ಅವರು ಹಿಂದೆಂದೂ ಹಾಗೆ ಹೇಳಿದ್ದು ನನಗೆ ನೆನಪಿಲ್ಲ.

ನಕಾಶೆ ಅಚ್ಚುಕೂಟಕ್ಕೆ ಹೋಯಿತು. ಅನುದಾನ ಇದ್ದದ್ದು ಒಂದೇ ಸಲದ ಅಚ್ಚಿಗೆ. ಒಪ್ಪಿಗೆ ಕೊಟ್ಟ ಮೇಲೆ ಪ್ರೊಫೆಸರರ ಸಹಿ ಇರುವ ಕಾಗದ ಬಂದರೆ ಮಾತ್ರ ನಿಲ್ಲಿಸುತ್ತೇವೆ ಎಂದು ಅಚ್ಚಿನವರು ಖಡಾಖಂಡಿತವಾಗಿ ಹೇಳಿದ್ದರು. ಅಷ್ಟರಲ್ಲಿ ಪ್ರೊಫೆಸರರು ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡರು. ಕೊನೆಯ ಸಲ ಊರು ನೋಡಿಬರಲೆಂದು ಅವರು ಗೊತ್ತುಮಾಡಿಕೊಂಡಿದ್ದ ಪ್ರಯಾಣ ನನ್ನದಾಯಿತು. ಎರಡು ಸೇತುವೆಗಳನ್ನು ನೋಡಬೇಕು, ಕೆಲವು ಹೆಸರುಗಳ ಕಾಗುಣಿತ ಕೇಳಬೇಕು, ತಪ್ಪಿದ್ದರೆ ಗುರುವಾರ ಬೆಳಿಗ್ಗೆ ಅಚ್ಚು ಶುರುವಾಗುವುದರೊಳಗೆ ತಿಳಿಸಬೇಕು. ಅಷ್ಟೇ ಕೆಲಸ. ಅದು ಎಪ್ಪತ್ತನಾಲ್ಕರ ಮಾರ್ಚ್ ತಿಂಗಳು.

ಎರಡು ಬಯೋನ್

"ಬಯೋನ್‌ಗೆ ಹೋಗೋಕೆ ಪ್ಲೇನ್ ಯಾಕೆ? ಟರ್ನ್‌ಪೈಕ್ ಹೈವೇ ಹಿಡಿದ್ರೆ ನಲವತ್ತು ನಿಮಿಷ" ಎಂದರು ಮೂರ್ತಿ. ಅವರು ಹೇಳಿದ್ದು ನ್ಯೂ ಜೆರ್ಸಿಯ ಬಯೋನ್. ಎಣ್ಣೆ ಟ್ಯಾಂಕುಗಳ ವಾಸನೆಯ ಊರು. ನನ್ನದು ಫ್ರಾನ್ಸಿನ ಬಯೋನ್, ಇಬಾರ್ಲೂಸ್‌ಗೆ ಬಸ್ಸು ಹಿಡಿಯಬೇಕಾದ ಊರು. ಇದನ್ನು ಅವರಿಗೆ ಮೂರು ಸಲ ಹೇಳಿದೆ. ಕೊನೆಗೂ ಅವರಿಗೆ ನನ್ನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ.

ಫ್ರಾನ್ಸಿನ ಬಯೋನ್‌ನಲ್ಲಿ ಎರಡು ನದಿ ಕೂಡುತ್ತವೆ. ಅಂಗಡಿಗಳಲ್ಲಿ ಹಂದಿಯ ಇಡೀ ತೊಡೆಗಳನ್ನು ಸಾಲಾಗಿ ನೇತುಹಾಕಿರುತ್ತಾರೆ. ಕಟ್ಟಾ ಶಾಕಾಹಾರಿಯಾದ ನಾನು ಆ ಬೀದಿಯನ್ನು ನೆಲ ನೋಡುತ್ತ ದಾಟಿದೆ. ಬಸ್‌ ನಿಲ್ದಾಣದಲ್ಲಿ ಒಬ್ಬ ಅಜ್ಜಿ ನನ್ನ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ಎಂಥದ್ದೆಂದು ತಿಕ್ಕಿ ನೋಡಿ, ತಲೆಯಾಡಿಸಿ ಹೋದರು. ಹುಬ್ಬಳ್ಳಿಯ ಅಂಗಡಿಯಲ್ಲಿ ನಮ್ಮ ಅತ್ತೆ ಮಾಡುವುದೂ ಅದನ್ನೇ. ನನಗೆ ಒಂದು ಥರ ಧೈರ್ಯ ಬಂತು.

ಮಂಗಳವಾರ: ಊರು ಎಲ್ಲಿದೆ?

ಬಸ್ಸು ಒಂದು ತಿರುವಿನಲ್ಲಿ ನಿಂತಿತು. "ಇಬಾರ್ಲೂಸ್" ಎಂದ ಡ್ರೈವರ್. ಇಳಿದೆ. ಒಂದು ಚರ್ಚು, ಪಕ್ಕದಲ್ಲಿ ಚೆಂಡಾಟದ ಎತ್ತರದ ಗೋಡೆ, ಪಂಚಾಯ್ತಿ ಕಚೇರಿ, ಒಂದು ಬಾರು. ಅಷ್ಟೇ. ಬೀದಿಯಿಲ್ಲ, ಓಣಿಯಿಲ್ಲ, ಮನೆಗೆ ಮನೆ ತಾಗಿಕೊಂಡಿಲ್ಲ. ಇಳಿಯಬಾರದ ಕಡೆ ಇಳಿದೆನೇನೋ ಎಂದು ತಿರುಗಿ ನೋಡುವಷ್ಟರಲ್ಲಿ ಬಸ್ಸು ಹೋಗಿತ್ತು.

ನಕಾಶೆ ಬಿಡಿಸಿ ನಿಂತೆ. ಕೆಳಗೆ ಬಿದೂಜ್ ಹೊಳೆ ಸರಿಯಾದ ಜಾಗದಲ್ಲೇ ಹರಿಯುತ್ತಿತ್ತು. ಹೊಳೆಯ ದಂಡೆಗೆ ಸಪಾಟು ಹೊಲ, ಅದರ ಮೇಲೆ ಹುಲ್ಲಿನ ಇಳಿಜಾರು, ಇನ್ನೂ ಮೇಲೆ ಒಣಗಿ ಕೆಂಪಾದ ಜರಿಗಿಡ, ನೆತ್ತಿಯಲ್ಲಿ ಎಲ್ಲರಿಗೂ ಸೇರಿದ ಗೋಮಾಳ. ಧಾರವಾಡದ ಗುಡ್ಡಗಳು ಆಕಳಿಸುತ್ತ ಮಲಗಿದಂತಿರುತ್ತವೆ. ಇಲ್ಲಿಯವು ಒಂದರ ಮೇಲೊಂದು ನೂಕುನುಗ್ಗಲು. ಪ್ರತಿ ಗುಡ್ಡದ ಹೆಗಲ ಮೇಲೂ ಒಂದೊಂದು ಬಿಳಿ ಮನೆ, ಕೆಂಪು ಕಿಟಕಿ. ಹಳ್ಳಿ ಮಾತ್ರ ಎಲ್ಲೂ ಕಾಣಲಿಲ್ಲ. ನನ್ನ ಹನ್ನೊಂದು ಊರುಗಳು ಗುಡ್ಡದ ಹಿಂದೆ ಇರಬೇಕು ಎಂದುಕೊಂಡೆ.

ಪ್ರೊಫೆಸರರು ಗೊತ್ತುಮಾಡಿದ್ದ ಮನೆ ಹತ್ತಲು ಮುಕ್ಕಾಲು ಗಂಟೆ ಬೇಕಾಯಿತು. ಬಾಗಿಲಲ್ಲಿ ಗ್ರಾಶಿ ಎಂಬ ಎಪ್ಪತ್ತು ದಾಟಿದ ಅಜ್ಜಿ ಕಾಯುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಬಾಸ್ಕ್ ಬಾರದು. ಇಂಗ್ಲಿಷ್ ಬಲ್ಲ ಮಗ ಕುರಿ ಕಾಯಲು ಹೋಗಿದ್ದ. ಅಜ್ಜಿ ನನ್ನನ್ನು ಬೆಂಚಿನ ಮೇಲೆ ಕೂಡಿಸಿ, ಕೆಂಪು ದ್ರವದ ಸೀಸೆ ಎತ್ತಿ, "ಅರ್ನೋವಾ?" ಎಂದರು. ವೈನ್! ಗಾಬರಿಯಿಂದ ಎರಡೂ ಕೈ ಅಲ್ಲಾಡಿಸಿದೆ. ಅವರಿಗೆ ಆಶ್ಚರ್ಯವಾಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೆಲ್ಲಗೆ, ಕಾಯಿಲೆಯವರನ್ನು ಕೇಳುವ ದನಿಯಲ್ಲಿ ಕೇಳಿದರು:

"ಊರಾ?"

ಸಾವಿರಾರು ಮೈಲು ದೂರದಲ್ಲಿ ಒಬ್ಬ ಅಜ್ಜಿ ನನ್ನ ಊರು ಕೇಳುತ್ತಿದ್ದಾರೆ! "ಧಾರವಾಡ" ಎಂದೆ.

ಅಜ್ಜಿ ಕಿವಿಯ ಹಿಂದೆ ಕೈ ಇಟ್ಟುಕೊಂಡರು. "ಊರಾ?"

"ಧಾರವಾಡ ಅಜ್ಜಿ, ಧಾರವಾಡ. ಹುಬ್ಬಳ್ಳಿ ಹತ್ರ."

ಅಜ್ಜಿ ಇದು ಆಗದ ಕೆಲಸ ಎಂಬಂತೆ ಎದ್ದುಹೋದರು. ಕಲ್ಲಿನ ತೊಟ್ಟಿಯಿಂದ ಒಂದು ಲೋಟ ತುಂಬಿಕೊಂಡು ಬಂದು ನನ್ನ ಮೂಗಿನ ಮುಂದೆ ಹಿಡಿದು, ಇನ್ನೊಂದು ಕೈಯಿಂದ ಅದಕ್ಕೆ ಬೆರಳು ತೋರಿಸಿ, ಮಗುವಿಗೆ ಕಲಿಸುವಂತೆ ಬಿಡಿಸಿ ಹೇಳಿದರು. "ಊ-ರಾ."

ಲೋಟದಲ್ಲಿ ನೀರಿತ್ತು.

ಕುಡಿದೆ. ತಣ್ಣಗಿತ್ತು, ರುಚಿಯಾಗಿತ್ತು. ಉರ್ ಎಂದರೆ ನೀರು. ಹನ್ನೊಂದು ನೀರಿನ ಮೇಲೆ ನಾನು ಹನ್ನೊಂದು ಹಳ್ಳಿ ಕಟ್ಟಿದ್ದೆ. ಕೆಳಗೆ ನನ್ನ ಹೆಸರು.

ಸಂಜೆ ಮಗ ಬೆನ್ಯಾತ್ ಬಂದ. ಐವತ್ತರ ಆಸುಪಾಸಿನ ಆಳು. ಹತ್ತು ವರ್ಷ ಅಮೆರಿಕದ ನೆವಾಡಾದಲ್ಲಿ ಕುರಿ ಕಾಯ್ದು ವಾಪಸು ಬಂದವನು. ನಕಾಶೆಯನ್ನು ಅವನ ಮುಂದೆ ಹರಡಿದೆ. ಒಂದೊಂದೇ ಹೆಸರು ಓದಿದ. "ಉರ್‌ಬೆಲ್ಸ್, ಕಪ್ಪು ನೀರು. ಉರ್‌ಹೊತ್ಸ್, ತಣ್ಣೀರು. ಉರ್‌ಗೋರಿ, ಕೆಂಪು ನೀರು. ಇದೇನು ಮೇಡಂ, ಇಲ್ಲೆಲ್ಲ ಹಳ್ಳಿಗಳೇ? ಇಷ್ಟೊಂದು ಜನ ಯಾವಾಗ ಬಂದರು?" ಎಂದು ಬಿದ್ದು ಬಿದ್ದು ನಕ್ಕ. ನಗುವುದು ಅವನ ಹಕ್ಕೇ. ಆದರೆ ನನಗೆ ಅಳು ಬಂದದ್ದು ನೋಡಿ ತಟ್ಟನೆ ನಿಲ್ಲಿಸಿ, ಬೆರೆ ಎಂಬ ಚಪ್ಪಟೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾಳೆ ಬಾರಿನಿಂದ ಫೋನ್ ಮಾಡಬಹುದು ಎಂದ.

ಬುಧವಾರ: ಬಾರಿನ ಟೆಲಿಫೋನು

ಹೆಂಡದಂಗಡಿಯ ಹೊಸ್ತಿಲು ದಾಟಿದ್ದು ನಾನು ಜೀವನದಲ್ಲಿ ಅದೇ ಮೊದಲು. ಒಳಗೆ ನಾಲ್ವರು ಮುದುಕರು ಇಸ್ಪೀಟು ಆಡುತ್ತಿದ್ದರು. ಆಟದಲ್ಲಿ ಮಾತಿಗಿಂತ ಹುಬ್ಬು ಕುಣಿಸುವುದು, ನಾಲಿಗೆ ತುದಿ ತೋರಿಸುವುದು ಹೆಚ್ಚು. ಜೊತೆಗಾರನಿಗೆ ಹಾಗೆ ಸನ್ನೆ ಮಾಡುವುದು ಆಟದ ನಿಯಮವೇ ಅಂತೆ. ನಮ್ಮ ಮಾವನವರು ಅದನ್ನು ನಿಯಮವಿಲ್ಲದೆಯೇ ಮಾಡುತ್ತಾರೆ. ಮಾತು ಮಾತಿಗೆ ಅವರು "ಬೈ, ಬೈ" ಎನ್ನುತ್ತಿದ್ದರು. ಹೌದು ಎಂಬುದಕ್ಕೆ ಅವರ ಭಾಷೆಯಲ್ಲಿ ಬೈ. ನನಗಂತೂ ಯಾರೋ ನನ್ನನ್ನೇ ಬೈ ಬೈ ಎಂದು ಹುರಿದುಂಬಿಸುತ್ತಿದ್ದಂತೆ ಕೇಳಿತು. ಬೈಸಿಕೊಳ್ಳುವ ಕೆಲಸ ಮಾಡಿಯೂ ಇದ್ದೆ.

ಅಲ್ಲಿ ಮಧ್ಯಾಹ್ನ ಒಂದು ಗಂಟೆಯೆಂದರೆ ಸಮರ್‌ಸೆಟ್‌ನಲ್ಲಿ ಬೆಳಿಗ್ಗೆ ಎಂಟು. ಎರಡು ಗಂಟೆ ಕಾದ ಮೇಲೆ ಲೈನು ಸಿಕ್ಕಿತು. ಸಮುದ್ರದಡಿಯಿಂದ ಬಂದಂತೆ ನಮ್ಮವರ ದನಿ.

"ರೀ, ನಕಾಶಿ ತಪ್ಪೈತ್ರಿ! ಅಚ್ಚು ನಿಲ್ಲಸ್ರಿ!"

"ಯಾಕ, ಏನಾತು?"

"ಊರಂದ್ರ ನೀರಂತ್ರೀ ಇಲ್ಲೆ!"

"ಏನು? ಊರಾಗ ನೀರು ಬಂದೈತೇನು? ಹೊಳಿ ಬಂದೈತೇನು? ನೀ ಆರಾಮ ಅದೀ ಇಲ್ಲೋ?"

"ಹೊಳಿ ಬಂದಿಲ್ರೀ! ನಾ ಊರು ಅಂತ ಬರದದ್ದೆಲ್ಲಾ ನೀರು! ಹನ್ನೊಂದೂ!"

ಲೈನು ಗರಗರ ಎಂದಿತು. ಆಮೇಲೆ ಸಣ್ಣಗೆ, "ಹನ್ನೊಂದೂ?" ಎಂದರು.

"ಪ್ರೊಫೆಸರ್ ಮನಿಗೆ ಹೋಗಿ ಸಹಿ ತಗೊಂಡು ಅಚ್ಚಿನವ್ರಿಗೆ ಕೊಡ್ರಿ. ನಾಳೆ ಮುಂಜಾನೆ ಚಾಲೂ ಮಾಡ್ತಾರ."

"ಗಾಡ್ಯಾಗ ಗ್ಯಾಸ್ ಇಲ್ಲಲೇ. ಇವತ್ತ ನಮ್ಮ ನಂಬರಿಗೆ ಕೊಡಂಗಿಲ್ಲ..."

ಲೈನು ಕಡಿಯಿತು. ಗ್ಯಾಸ್ ಎಂದರೆ ನಮ್ಮ ಪೆಟ್ರೋಲು. ಆ ವರ್ಷ ಅದರ ಅಭಾವ. ಕಾರಿನದು ಬೆಸ ನಂಬರಾದರೆ ಬೆಸ ತಾರೀಖು, ಸಮ ನಂಬರಾದರೆ ಸಮ ತಾರೀಖು, ಅಂದು ಮಾತ್ರ ಬಂಕಿನ ಮುಂದೆ ಸಾಲು ನಿಲ್ಲಬಹುದು. ಅಂದು ಸಮ ತಾರೀಖು, ನಮ್ಮದು ಬೆಸ ನಂಬರು. ಮತ್ತೆ ಲೈನು ಕೇಳಿದರೆ ಎಕ್ಸ್‌ಚೇಂಜಿನವರು ಶುಕ್ರವಾರ ಎಂದರು. ನಾನು ಕೈಚೆಲ್ಲಿ ಕೂತೆ. ಇಸ್ಪೀಟಿನ ಮುದುಕರು ಆಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಯಾರದೋ ಸಾವಿನ ಸುದ್ದಿ ಬಂದಿದೆಯೆಂದು ತಿಳಿದಿದ್ದರಂತೆ.

ಗುರುವಾರ: ಹನ್ನೊಂದು ನೀರು

ಅಚ್ಚು ನಿಂತಿತೋ ಇಲ್ಲವೋ ತಿಳಿಯಲು ಇನ್ನೂ ಒಂದು ದಿನ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು ಪೆನ್ಸಿಲ್ ತೆಗೆದುಕೊಂಡು ಬೆನ್ಯಾತ್‌ನ ಜೊತೆ ಹೊರಟೆ. ಸೀರೆ ಎತ್ತಿ ಕಟ್ಟಿ, ಗ್ರಾಶಿ ಅಜ್ಜಿಯ ರಬ್ಬರ್ ಬೂಟು ಹಾಕಿಕೊಂಡಿದ್ದೆ. ಆ ವೇಷದ ಫೋಟೋ ಯಾರೂ ತೆಗೆಯಲಿಲ್ಲ, ದೇವರು ದೊಡ್ಡವನು.

ಮೊದಲು ಕಪ್ಪು ನೀರು. ಮರಗಳ ಕೆಳಗೆ, ಕಪ್ಪು ಕಲ್ಲಿನ ಸಂದಿಯಿಂದ ಹೆಬ್ಬೆರಳು ದಪ್ಪದ ಧಾರೆ. ಹತ್ತು ಹೆಜ್ಜೆ ಆಚೆ ಒಂದು ಮನೆ! ಹಳ್ಳಿಯಲ್ಲ, ಒಂದೇ ಮನೆ. ತಣ್ಣೀರಿನ ಹತ್ತಿರವೂ ಒಂದು. ಕೆಂಪು ನೀರಿನ ಹತ್ತಿರವೂ ಒಂದು. ನಾನು ನಿಂತುಬಿಟ್ಟೆ.

"ನೀರಿಲ್ಲದೆ ಮನೆ ಹೇಗೆ ಕಟ್ಟುತ್ತಾರೆ ಮೇಡಂ?" ಎಂದ ಬೆನ್ಯಾತ್. "ನಮ್ಮಲ್ಲಿ ಎಲ್ಲರಿಗೂ ಸೇರಿ ಒಂದು ಬಾವಿ ಇಲ್ಲ. ಗುಡ್ಡಕ್ಕೊಂದು ಸೆಲೆ, ಸೆಲೆಗೊಂದು ಮನೆ. ಅದಕ್ಕೇ ನಾವು ದೂರ ದೂರ."

ಇಡೀ ಗ್ರಾಮ ಆಗ ನನ್ನ ಕಣ್ಣಿಗೆ ಬಿಡಿಸಿಕೊಂಡಿತು. ನಮ್ಮ ಕಡೆ ನೀರು ಒಂದು ಕಡೆ, ಆದ್ದರಿಂದ ಜನ ಅದರ ಸುತ್ತ ಒತ್ತೊತ್ತಾಗಿ ಕೂಡಿದರು, ಓಣಿಗಳಾದವು, ಜಗಳಗಳೂ ಆದವು. ಇಲ್ಲಿ ಗುಡ್ಡ ಹೆಜ್ಜೆ ಹೆಜ್ಜೆಗೂ ಒಸರುತ್ತದೆ. ಹನ್ನೊಂದು ಸೆಲೆಗಳ ನೀರೂ ಹನ್ನೊಂದು ತೊರೆಯಾಗಿ ಇಳಿದು ಬಿದೂಜ್ ಹೊಳೆ ಸೇರುತ್ತದೆ. ಚರ್ಚಿನ ಗಂಟೆ ಬಾರಿಸಿದಾಗ ಮಾತ್ರ ಜನ ಒಟ್ಟಾಗುತ್ತಾರೆ.

ಸಂಜೆಯವರೆಗೆ ಹನ್ನೊಂದನ್ನೂ ಮುಟ್ಟಿ ಬಂದೆ. ಒಂಬತ್ತರ ಬಳಿ ಮನೆಗಳಿದ್ದವು. ಒಂದರ ಬಳಿ ಮನೆಯ ಬರೀ ಗೋಡೆ, ಒಳಗೆ ಹುಲ್ಲು. ಇನ್ನೊಂದು ಹಾಳು ಕೆಸರು, ಅದರಲ್ಲಿ ಒಂದು ಕುದುರೆ ನಿಂತಿತ್ತು. ಚೌಕಗಳ ಜಾಗ ಬಹುಮಟ್ಟಿಗೆ ಸರಿ. ಮೂರರ ಬದಲು ಒಂದೇ ಚೌಕ ಇರಬೇಕು, ಪಕ್ಕದಲ್ಲಿ ನೀಲಿ ಸುತ್ತು ಬೇಕು. ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಉಳಿದರ್ಧ ನ್ಯೂ ಜೆರ್ಸಿಯ ಅಚ್ಚುಕೂಟದಲ್ಲಿತ್ತು.

ಮನೆಗೆ ಬಂದಾಗ ಅಜ್ಜಿ ಜೋಳದ ಹಿಟ್ಟು ಕಲಸಿ ಅಂಗೈಗಳ ನಡುವೆ ತಟ್ಟುತ್ತಿದ್ದರು. ಅದು ಮೆಕ್ಕೆಜೋಳ, ನಮ್ಮ ಬಿಳಿಜೋಳ ಅಲ್ಲ. ಆದರೆ ತಟ್ಟುವ ಸದ್ದು ನಮ್ಮ ಅಡಿಗೆಮನೆಯದೇ. ನಾನೂ ಕೂತು ನಾಲ್ಕು ತಟ್ಟಿದೆ. ಅಜ್ಜಿಯವು ಗುಂಡಗೆ, ನನ್ನವು ತೆಳ್ಳಗೆ. ಇಬ್ಬರೂ ಒಬ್ಬರದನ್ನೊಬ್ಬರು ಓರೆಗಣ್ಣಿನಿಂದ ನೋಡಿದೆವು. ನನ್ನ ಶೇಂಗಾ ಚಟ್ನಿಪುಡಿಯನ್ನು ಅವರು ಚಿಟಿಕೆ ತಿಂದು, ಕೆಮ್ಮಿ, ಇನ್ನೊಂದು ಚಿಟಿಕೆಗೆ ಕೈ ಚಾಚಿದರು. ಬಾಗಿಲ ಮೇಲಿನ ಕಲ್ಲಿನಲ್ಲಿ ಏನು ಕೊರೆದಿದೆ ಎಂದು ಬೆನ್ಯಾತ್‌ನನ್ನು ಕೇಳಿದೆ.

"ಎಚೆಬೆರಿ. ಮನೆಯ ಹೆಸರು. ಜನ ನಮ್ಮನ್ನು ಕರೆಯುವುದೂ ಅದರಿಂದಲೇ. ಎಚೆ ಎಂದರೆ ಮನೆ, ಬೆರಿ ಎಂದರೆ ಹೊಸದು."

"ಹೊಸ ಮನೆ?"

"ಬೈ. ಮುನ್ನೂರು ವರ್ಷದ್ದು. ಹೆಸರು ಬದಲಿಸಲು ಯಾರಿಗೂ ಪುರುಸೊತ್ತಾಗಲಿಲ್ಲ."

ಹೊಸಮನಿ ಎಂಬ ನನ್ನ ಅಡ್ಡಹೆಸರಿನ ಅರ್ಥ ಹೇಳಿದೆ. ಬೆನ್ಯಾತ್ ಅದನ್ನು ತಾಯಿಗೆ ತಿಳಿಸಿದ. ಅಜ್ಜಿ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು ಏನೋ ಅಂದರು. ಏನೆಂದು ಕೇಳಿದೆ. "ಹೊಸಮನೆಯವಳು ಇಷ್ಟು ದಿನ ಎಲ್ಲಿದ್ದಳು ಎಂದು ಕೇಳುತ್ತಿದ್ದಾಳೆ" ಎಂದ. ಶಬ್ದಪಟ್ಟಿ ಹಿಡಿದು ನಾನು ಹುಡುಕಿದ ನಂಟು ಸುಳ್ಳಾಗಿತ್ತು. ಹುಡುಕದೆ ಸಿಕ್ಕಿದ ಇದರಿಂದ ನನಗೆ ಬಹಳ ಸಂತೋಷವಾಯಿತು.

ಶುಕ್ರವಾರ

ಬಾರಿನಲ್ಲಿ ಅದೇ ನಾಲ್ವರು. ಈ ಸಲ ಬೆನ್ಯಾತ್ ಅವರಿಗೆ ಎಲ್ಲ ಹೇಳಿಬಿಟ್ಟಿದ್ದ. ಫೋನಿನ ಗಂಟೆ ಬಾರಿಸಿದ ಕೂಡಲೇ ಇಸ್ಪೀಟೆಲೆಗಳು ಬೋರಲಾದವು.

"ನಿಂತೈತಿ" ಎಂದರು ನಮ್ಮವರು. ಹಲೋ ಕೂಡ ಅನ್ನಲಿಲ್ಲ. "ನಿಂತೈತಿ, ನಿಂತೈತಿ. ಮದಲ ಅಳೂದು ನಿಲ್ಲಸು."

"ಹ್ಯಾಂಗ ಹೋದ್ರಿ?"

"ಮೂರ್ತಿ ಅವರದು ಸಮ ನಂಬರು. ಆಫೀಸಿಗೆ ರಜಾ ಹಾಕಿ ಬಂದ್ರು, ಪುಣ್ಯಾತ್ಮ. ಗ್ಯಾಸ್ ಸಾಲಿನ್ಯಾಗ ಒಂದೂವರಿ ತಾಸು. ಪ್ರೊಫೆಸರ್ ಮನಿಗೆ ಹೋಗಿ ಸಹಿ ತಗೊಂಡು ಅಲ್ಲೆ ಮುಟ್ಟೋದ್ರಾಗ, ಆ ಮಂದಿ ಒಂದ ದಿನ ಮದಲ ಚಾಲೂ ಮಾಡಿಬಿಟ್ಟಿದ್ರು!"

"ಅಯ್ಯ, ಹೋತಲ್ರೀ!"

"ಕೇಳು ಪೂರ್ತಿ. ಹಸರು ಆಗಿತ್ತು, ಕಂದು ಆಗಿತ್ತು. ಕರೀ ಬಣ್ಣದ ಪ್ಲೇಟು ಮಷೀನಿಗೆ ಕಟ್ಟಲಿಕ್ಕತ್ತಿದ್ರು. ನೀಲಿ ಇನ್ನೂ ಬಾಕಿ. ನಿನ್ನ ಊರೆಲ್ಲಾ ಕರೀದ್ರಾಗ ಅದಾವಲ್ಲ?"

ನನ್ನ ಊರೆಲ್ಲಾ ಕರಿಯದರಲ್ಲಿದ್ದವು. ಬಣ್ಣದ ನಕಾಶೆಯನ್ನು ಒಂದೊಂದೇ ಬಣ್ಣವಾಗಿ ಅಚ್ಚು ಹಾಕುತ್ತಾರೆ. ಗುಡ್ಡಗಳು ಅಚ್ಚಾಗಿದ್ದವು, ಹುಲ್ಲು ಅಚ್ಚಾಗಿತ್ತು. ಮನೆ, ಹೆಸರು, ನೀರು ಇನ್ನೂ ಆಗಿರಲಿಲ್ಲ. ಫೋನ್ ಇಟ್ಟು, ಬಾರಿನ ಗೋಡೆಗೆ ಒರಗಿ, ನಾಚಿಕೆಯಿಲ್ಲದೆ ಜೋರಾಗಿ ಅತ್ತೆ. ಅಷ್ಟು ಹಗುರ ನಾನು ಮತ್ತೆಂದೂ ಆಗಿಲ್ಲ. ಮುದುಕರು ನಾಲ್ವರೂ ಎದ್ದು ಒಬ್ಬೊಬ್ಬರಾಗಿ ನನ್ನ ಕೈ ಕುಲುಕಿದರು. ಮುಂದೆ ಎರಡು ಮಕ್ಕಳಾದಾಗಲೂ ನನಗೆ ಅಷ್ಟು ಅಭಿನಂದನೆ ಸಿಗಲಿಲ್ಲ.

ಮತ್ತೆ ನ್ಯೂ ಜೆರ್ಸಿ

ಪ್ರೊಫೆಸರರ ಮನೆ ಕ್ರ್ಯಾನ್‌ಬರಿ ಕಡೆ, ಆಲೂಗಡ್ಡೆ ಹೊಲಗಳ ನಡುವೆ. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಎರಡು ಹಗಲು ಎರಡು ರಾತ್ರಿ ಕೂತು ತಿದ್ದಿದ ಕರಿಯ ಹಾಳೆಯನ್ನೂ ನೀಲಿಯ ಹಾಳೆಯನ್ನೂ ಅವರ ತೊಡೆಯ ಮೇಲೆ ಹರಡಿದೆ. ಭೂತಗನ್ನಡಿ ಹಿಡಿದು ಹನ್ನೊಂದು ನೀಲಿ ಸುತ್ತುಗಳನ್ನೂ ನೋಡಿದರು.

ಅಜ್ಜಿಯ ಲೋಟದ ಕಥೆ ಹೇಳಿ, ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತನ್ನೂ ಹೇಳಿದೆ. ಇದು ಕೈತಪ್ಪಲ್ಲ, ನನ್ನ ಜಂಬ. ಯಾರನ್ನೂ ಕೇಳದೆ ನನ್ನ ಭಾಷೆಯನ್ನು ಅವರ ಗುಡ್ಡದ ಮೇಲೆ ಹೇರಿದೆ. ಆದ್ದರಿಂದ ಮೂಲೆಯಲ್ಲಿರುವ ನನ್ನ ಹೆಸರನ್ನು ಅಳಿಸಿಬಿಡುತ್ತೇನೆ. ಬ್ಲೇಡನ್ನು ಜೊತೆಗೇ ತಂದಿದ್ದೆ.

ಪ್ರೊಫೆಸರರು ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡು ಪಕ್ಕಕ್ಕಿಟ್ಟರು.

"ಆ ಊರಿಗೆ ನಾನು ಹನ್ನೆರಡು ವರ್ಷ ಹೋಗಿದ್ದೇನೆ. ಹತ್ತದ ಮನೆಯಿಲ್ಲ. ಎಲ್ಲ ಮನೆಯಲ್ಲೂ ಮೊದಲು ಸೀಸೆ ಎತ್ತಿ ಅರ್ನೋವಾ ಎಂದು ಕೇಳುತ್ತಾರೆ. ನಾನು ಬೈ ಎನ್ನುತ್ತೇನೆ" ಎಂದರು. ಆಮೇಲೆ ಭೂತಗನ್ನಡಿಯನ್ನು ಮೆಲ್ಲಗೆ ಮಡಿಲಲ್ಲಿಟ್ಟುಕೊಂಡರು. "ಬೇಡವೆಂದ ಮೇಲೆ ಬರುವ 'ಊರಾ' ಎಂಬ ಪ್ರಶ್ನೆಯನ್ನು ಕೇಳಿಸಿಕೊಂಡವಳು ನೀನೊಬ್ಬಳೇ. ಹೆಸರು ಅಲ್ಲೇ ಇರಲಿ."